ಅಂಚು ಮೆತ್ತಗಾಗುವುದಿಲ್ಲ

ಆರ್ನ್‌ಸೈಡಿನ ನನ್ನ ಬಾಡಿಗೆ ಕೋಣೆಯ ಕಿಟಕಿಗೆ ಎರಡು ಕೆಲಸ:
ಕೊಲ್ಲಿ ತೋರಿಸುವುದು,
ಕೆಳಗಿನಂಗಡಿಯಲ್ಲಿ ಮೀನು ಕರಿದ ವಾಸನೆಯನ್ನು
ಹೇಳದೆ ಕೇಳದೆ ಒಳಗೆ ಬಿಡುವುದು.

ಊರಿನ ಶಾಲೆಗೆ ನಾನೊಂದು ಆಟ ಮಾಡಿಕೊಡಬೇಕು.
ಬೆರಳಿಂದ ಎಳೆದರೆ ಗಡಿಯಾರದ ಮುಳ್ಳು ಸರಿಯಬೇಕು,
ಮುಳ್ಳು ಸರಿದಂತೆ ಉಬ್ಬರ ಏರಬೇಕು,
ಮರಳ ಮೇಲೆ ನಿಂತ ಕೆಂಪಂಗಿಯ ಹುಡುಗ
ಯಾವ ಗಳಿಗೆಯಲ್ಲಿ ತಿರುಗದಿದ್ದರೆ
ಇನ್ನು ತಿರುಗಲಾರ ಎಂಬುದನ್ನು
ಹೆದರಿಸದೆ ಹೇಳಬೇಕು.

ಸುಲಭ ಅಂದುಕೊಂಡೆ. ಕೆಳಗೆ ಮರಳು, ಮೇಲೆ ನೀರು,
ನೀರಿಗೊಂದು ಮಾಸ್ಕ್.
ಅದು ಸರಿದಷ್ಟೇ ನೀರು ಕಾಣುತ್ತದೆ,
ಉಳಿದದ್ದು ಇದ್ದೂ ಇಲ್ಲ.

ಈ ಯಂತ್ರಕ್ಕೆ ಗೊತ್ತಿರುವುದೋ, ಕತ್ತರಿಯೊಂದೇ.
ಅಂಚು ಮೆತ್ತಗೆ ಮಾಡಪ್ಪಾ ಎಂದರೆ
ಕಚಕ್ಕನೆ ಕಡಿದು ಕೈಗಿಡುತ್ತದೆ.
ನೀರು ಬಂತು, ನಿಜ,
ಅಡುಗೆಮನೆಗೆ ಲಿನೋಲಿಯಂ ಹಾಸಿದ ಹಾಗೆ.
ಬೆರಳು ಅವಸರಪಟ್ಟರಂತೂ
ಮಾಸ್ಕ್ ಮುಂದೆ, ನೀರು ಹಿಂದೆ,
ಮದುವೆಮನೆಗೆ ಜಗಳವಾಡುತ್ತ ಹೊರಟ ಗಂಡಹೆಂಡಿರು,
ನಡುವೆ ನಾಲ್ಕು ಮಾರು.
ಹಳೆಯ ಫೋನುಗಳಲ್ಲಿ ಇನ್ನೂ ಚೆಂದ:
ಮಾಸ್ಕೇ ಇಲ್ಲ. ಮೊದಲಿಂದಲೇ ಸಮುದ್ರ.
ಹುಡುಗ ಮುಳುಗಿಯೇ ಆಟ ಶುರು.

ಮರಳಿನದೇ ಬಣ್ಣದ ತೇಪೆ ಹಚ್ಚಿ ನೀರು ಮುಚ್ಚಿದೆ.
ಮರಳಿಗೆ ಒಂದೇ ಬಣ್ಣವಿದ್ದರೆ ತಾನೆ!
ಸಂಜೆ ನಾಲ್ಕರ ಮರಳಿಗೆ ಬೆಳಗಿನ ಮರಳಿನ ತೇಪೆ,
ಹೊಲಿಗೆ ಹಲ್ಲು ಕಿರಿಯಿತು.

ನನ್ನ ನುಡಿಯಲ್ಲಿ ಅಲೆಗೂ ತೆರೆ, ಪರದೆಗೂ ತೆರೆ,
ಮುಚ್ಚಿದ ಬಾಗಿಲಿಗೆ ಹೇಳುವುದೂ ತೆರೆ.
ಮೂರನ್ನೂ ಒಂದೇ ಪದರದಲ್ಲಿಟ್ಟ ಪುಣ್ಯಾತ್ಮರು ಯಾರೋ,
ರಾತ್ರಿ ಎರಡಕ್ಕೆ ಅವರನ್ನು ಎಬ್ಬಿಸಿ ಕೇಳಬೇಕೆನಿಸಿತು:
ಅಂಚನ್ನು ಹೇಗೆ ನಿಭಾಯಿಸಿದಿರಿ?

ಶನಿವಾರ ಹೆಡ್ಲಿ ಬ್ರೇತ್‌ವೇಟ್ ಮೆಟ್ಟಿಲು ಹತ್ತಿ ಬಂದ.
ಎಪ್ಪತ್ತೊಂಬತ್ತು ವರ್ಷ. ಟ್ರ್ಯಾಕ್ಟರಿನಲ್ಲಿ ಹೋಗಿ ಸೀಗಡಿ ಹಿಡಿದವನು,
ಲಾರೆಲ್ ಕೊಂಬೆ ನೆಟ್ಟು ಮರಳಿನಲ್ಲಿ ದಾರಿ ಗುರುತಿಟ್ಟವನು.
ಸಲಿಕೆಯ ಹಿಡಿಯಂಥ ಬೆರಳಿಂದ ಮುಳ್ಳು ಎಳೆದ,
ಇನ್ನೊಮ್ಮೆ ಎಳೆದ.
"ಚಿತ್ರ ಚೆನ್ನಾಗಿದೆ. ನೀರು ಹೀಗೆ ಬರುವುದಿಲ್ಲ.
ಎದುರಿಂದ ಬಂದರೆ ಯಾರು ಸಾಯುತ್ತಾರೆ, ನೋಡಿ ಓಡುತ್ತಾರೆ.
ಅದು ಮೊದಲು ಬೆನ್ನ ಹಿಂದಿನ ಕೊರಕಲಿಗೆ ಬರುತ್ತದೆ.
ಕಾಲಡಿಯ ಮರಳು ಹೊಳೆಯುತ್ತದೆ, ಆಮೇಲೆ ನಡುಗುತ್ತದೆ.
ಅಂಚು ಗಿಂಚು ಏನೂ ಇಲ್ಲ ಅದಕ್ಕೆ.
ನನ್ನ ಟ್ರ್ಯಾಕ್ಟರು ಇನ್ನೂ ಅಲ್ಲೇ ಇದೆ."
ಎಲ್ಲಿ ಎಂದು ಬೆರಳಿಟ್ಟು ತೋರಿಸಿದ.
ಗಾಜಿನ ಮೇಲೆ ಎಣ್ಣೆಯ ಗುರುತು ಉಳಿಯಿತು.
ಚಹಾ ಕುಡಿಯದೆ ಹೋದ.

ಆ ರಾತ್ರಿ ಮಾಸ್ಕನ್ನು ಅಳಿಸಿದೆ.
ಎಲ್ಲಕ್ಕಿಂತ ಕೆಳಗೆ ನೀರಿಟ್ಟೆ, ತುಂಬ, ನಿಶ್ಚಲ.
ಅದರ ಮೇಲೆ ಮರಳು, ಐವತ್ತಮೂರು ತುಂಡು,
ಹೆಡ್ಲಿ ಹೇಳಿದ ಕೊರಕಲು, ದಿಬ್ಬ, ಕೆಸರುಗಳ ಲೆಕ್ಕದಲ್ಲಿ.
ಒಂದೊಂದಕ್ಕೂ ಅದರದೇ ಗಳಿಗೆ ಕೊಟ್ಟೆ.
ಯಾವುದನ್ನೂ ಯಾರೂ ಕತ್ತರಿಸುವುದಿಲ್ಲ;
ತನ್ನ ಹೊತ್ತು ಬಂದಾಗ ತಾನೇ ತೆಳುವಾಗುತ್ತದೆ,
ಹುಡುಗನ ಬೆನ್ನ ಹಿಂದಿನದು ಎಲ್ಲಕ್ಕೂ ಮೊದಲು.
ನೀರು ಈಗ ಒಂದಿಷ್ಟೂ ಕದಲುವುದಿಲ್ಲ.
ನೋಡಿದವರು ಮಾತ್ರ, ಅಬ್ಬಾ ಎಷ್ಟು ಬೇಗ ಬಂತು, ಅನ್ನುತ್ತಾರೆ.

ಸೋಮವಾರ ಶಾಲೆಯಲ್ಲಿ ಇಮೋಜೆನ್ ಎಂಬ ಹುಡುಗಿ
ಮುಳ್ಳನ್ನು ಮುಂದೆಳೆದಳು, ಹಿಂದೆಳೆದಳು,
ಕೆಂಪಂಗಿಯವನನ್ನು ಹದಿನಾಲ್ಕು ಸಲ ಮುಳುಗಿಸಿ
ಹದಿನಾಲ್ಕು ಸಲ ಎಬ್ಬಿಸಿದಳು.
ಆಮೇಲೆ ಮೆಲ್ಲಗೆ ಕೇಳಿದಳು:
"ನೀರು ಮೊದಲಿಂದಲೂ ಅಡಿಯಲ್ಲೇ ಇತ್ತಾ?"
ಇತ್ತು ಎಂದೆ.
ಹೊರಗೆ ಉಬ್ಬರದ ಸೈರನ್ ಕೂಗಿತು.
ಎಲ್ಲ ಮಕ್ಕಳೂ ಕಿಟಕಿಗೆ ಓಡಿದರು,
ಅವಳೊಬ್ಬಳು ತನ್ನ ಬೂಟುಗಳ ಕೆಳಗಿನ ನೆಲ ನೋಡಿಕೊಂಡಳು.

ಮೂವತ್ತೇಳನೆಯ ತುಂಡು
ಹಳೆಯ ಫೋನುಗಳಲ್ಲಿ ಇನ್ನೂ ಮಿನುಗುತ್ತದೆ,
ಹೋಗಲೋ ಬೇಡವೋ ಎಂಬಂತೆ.
ಅರ್ಧ ದಿನದ ಕೆಲಸ, ಸರಿಮಾಡಬಹುದು.
ಟ್ರ್ಯಾಕ್ಟರು ಇರುವುದು ಅಲ್ಲೇ.
ಹಾಗೇ ಬಿಟ್ಟಿದ್ದೇನೆ.